ಏಲಕ್ಕಿ ಗಿಡಗಳು ಕರೆದ ಸಾಕ್ಷಿ

ಏಲಕ್ಕಿ ತೋಟದಲ್ಲಿ ಎರಡು ತಳಿಯ ಗಿಡಗಳು ಅಕ್ಕಪಕ್ಕದಲ್ಲಿದ್ದವು. ಮೈಸೂರು ತಳಿಯ ಹೂಗೊಂಚಲು ನೆಟ್ಟಗೆ ನಿಲ್ಲುತ್ತಿತ್ತು. ಮಲಬಾರು ತಳಿಯದು ನೆಲದ ಮೇಲೆ ಹರಡಿಕೊಳ್ಳುತ್ತಿತ್ತು.

"ನೆಲದಲ್ಲಿ ಹೊರಳುವವರ ಜೊತೆ ನಮಗೆ ಸಂಬಂಧವಿಲ್ಲ," ಎಂದಿತು ಮೈಸೂರು.

"ಸೆಟೆದು ನಿಲ್ಲುವವರ ಸಂಬಂಧ ನಮಗೂ ಬೇಡ," ಎಂದಿತು ಮಲಬಾರು.

ಈ ಮಾತಿಗೆ ಸಾಕ್ಷಿಯಾಗಲು ಜೇನ್ನೊಣವನ್ನು ಕರೆದವು. ಅದು ಒಂದರ ಹೂವಿನಲ್ಲಿ ಕೂತು ಹೇಳಿಕೆ ಕೇಳಿತು. ಕಾಲಿಗೆ ಮೆತ್ತಿದ ಪರಾಗದೊಂದಿಗೇ ಹೋಗಿ ಇನ್ನೊಂದರ ಹೇಳಿಕೆಯನ್ನೂ ಕೇಳಿತು.

ಮೂರು ವರ್ಷದ ಮೇಲೆ ಅವುಗಳ ನಡುವೆ ಎದ್ದ ಸಸಿಯೊಂದು ಹೂಬಿಟ್ಟಿತು. ಗೊಂಚಲು ಅರ್ಧ ನಿಂತು, ಅರ್ಧ ಬಾಗಿತ್ತು.

"ಇದು ನಿಮ್ಮ ಕಡೆಯದು," ಎಂದು ಎರಡೂ ಒಂದಕ್ಕೊಂದು ಹೇಳಿದವು.

ಸಸಿ ಜೇನ್ನೊಣವನ್ನು ಕೇಳಿತು: "ನಾನು ಯಾರವಳು?"

"ಇವರಿಬ್ಬರಿಗೂ ಸಂಬಂಧವೇ ಇಲ್ಲವೆಂದು ನಾನು ಸಾಕ್ಷಿಗೆ ಬಂದಿದ್ದೆನಲ್ಲ, ಆ ದಿನದವಳು."