ಮನೆಮಗ ಕಾಳ

ನದಿಯ ದಂಡೆಯ ಮಠದಲ್ಲಿ ಪೇಟೆಯ ಹಳೆಯ ಕಡತಗಳಿದ್ದವು. ಬಟ್ಟೆಗೆ ಇದ್ದಿಲು ಕಲಸಿದ ಅಂಟು ಮೆತ್ತಿ, ಬಳಪದಲ್ಲಿ ಬರೆದವು. ಒದ್ದೆ ಬೆರಳು ಸೋಕಿದರೆ ಅಕ್ಷರ ಹೋಗುತ್ತದೆ.

ಶಿಷ್ಯ ಬಸಲಿಂಗ ಅವುಗಳಲ್ಲಿ ತನ್ನ ವಂಶವನ್ನು ಹುಡುಕುತ್ತಿದ್ದ. ಅವನ ಅಣ್ಣ ಜವಳಿ ವರ್ತಕ. ಪೇಟೆಯ ವರ್ತಕರ ಮುಖ್ಯಸ್ಥ, ಪಟ್ಟಣಶೆಟ್ಟಿ, ಆಗಲು ಅಣ್ಣನು ಏಳು ತಲೆಮಾರಿನ ವರ್ತಕ ವಂಶ ತೋರಿಸಬೇಕಿತ್ತು.

ಒಂದು ಬೆಳಿಗ್ಗೆ ಬಸಲಿಂಗ ಗುರುವಿನ ಮುಂದೆ ಕಡತ ಬಿಚ್ಚಿದ.

"ಏಳೂ ಸಿಕ್ಕವು, ಬುದ್ಧಿ. ಮೊದಲನೆಯವನು ಸಂಗಶೆಟ್ಟಿ. ಅವನ ಮಗ ಕಾಳ. ಕಾಳನ ಮಗ ಮತ್ತೆ ಸಂಗಶೆಟ್ಟಿ. ಅಜ್ಜನ ಹೆಸರು ಮೊಮ್ಮಗನಿಗೆ. ಸರಿಹೊಂದುತ್ತದೆ."

"ಕಾಳನ ಸಾಲು ಓದು."

"'ಸಂಗಶೆಟ್ಟಿಯ ಮನೆಮಗ ಕಾಳ.' ಮನೆಯ ಮಗ."

"ಅದರ ಮೇಲಿನ ಸಾಲು?"

"'ಸಂಗಶೆಟ್ಟಿಗೆ ಮಕ್ಕಳಿಲ್ಲ. ಮನೆಮಗರು ನಾಲ್ವರು. ಒಬ್ಬೊಬ್ಬರಿಗೆ ವರ್ಷಕ್ಕೊಂದು ಕಂಬಳಿ.'"

ಓದುತ್ತ ಓದುತ್ತ ಅವನ ದನಿ ಇಳಿಯಿತು.

"ಹೆತ್ತ ಮಗನಿಗೆ ಕೊಟ್ಟ ಕಂಬಳಿಯನ್ನು ಶಾನುಭೋಗರು ಬರೆದಿಡುತ್ತಾರೇನಪ್ಪಾ?"

"ಮನೆಮಗ ಎಂದರೆ... ಆಳೇ?"

"ಆಳು. ಯಜಮಾನ ಸತ್ತ ಮೇಲೆ ಅಂಗಡಿ ನಡೆಸಿದ. ತನ್ನ ಮಗನಿಗೆ ಯಜಮಾನನ ಹೆಸರಿಟ್ಟ. ಒಳ್ಳೆಯ ಆಳು."

ಬಸಲಿಂಗ ಹೆಬ್ಬೆರಳನ್ನು ನಾಲಿಗೆಗೆ ಒತ್ತಿದ. 'ಮನೆ' ಎಂಬ ಎರಡಕ್ಷರದ ಮೇಲೆ ಅದನ್ನು ಹಿಡಿದ. ಅವೆರಡು ಹೋದರೆ 'ಮಗ' ಉಳಿಯುತ್ತಿತ್ತು.

"ಒರೆಸು," ಎಂದರು ಗುರು. "ಮೇಲಿನ ಸಾಲನ್ನೂ ಒರೆಸಬೇಕಾಗುತ್ತದೆ. ನಿನಗೆ ಅಭ್ಯಾಸವಿದೆಯಲ್ಲ."

ಹೆಬ್ಬೆರಳು ನಿಂತಿತು.

ಗುರು ಕಡತದ ಕೊನೆಯ ಪದರ ತೆರೆದರು. ಅಲ್ಲಿ ಅಣ್ಣನ ಹೆಸರಿತ್ತು, ಬಸಲಿಂಗನ ಹೆಸರಿತ್ತು. ಅದರ ಕೆಳಗೆ ಬೂದು ಬಣ್ಣದ ಕಲೆಯೊಂದಿತ್ತು.

"ಇಲ್ಲಿ ಯಾರಿದ್ದರು?"

"ತಂಗಿ. ಈರಮ್ಮ."

"ಯಾಕೆ ಒರೆಸಿದೆ?"

"ಅಂಗಡಿಯ ಆಳನ್ನು ಮದುವೆಯಾದಳು. ಅಣ್ಣ ಒರೆಸು ಅಂದ."

"ಗಂಡ ಸತ್ತ ಮೇಲೆ ನಿಮ್ಮ ಬಾಗಿಲಿಗೆ ಬಂದಿದ್ದಳಂತೆ?"

"ಬಂದಿದ್ದಳು. ಮೈ ಸುಡುವ ಜ್ವರ. 'ನಾನು, ಈರಮ್ಮ' ಎಂದು ಕೂಗಿದಳು. ಅಣ್ಣ ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಉತ್ತರ ಕೊಟ್ಟವನು ನಾನು."

"ಏನಂದೆ?"

"ಆ ಹೆಸರಿನವರು ಯಾರೂ ಇಲ್ಲ ಅಂದೆ."

"ಆಮೇಲೆ?"

"ಮೂರನೆಯ ದಿನ ಛತ್ರದಲ್ಲಿ ತೀರಿಕೊಂಡಳು."

ಗುರು ಕಡತವನ್ನು ಅವನ ಕಡೆಗೆ ಸರಿಸಿದರು.

ಬಸಲಿಂಗ ಕಾಳನ ಸಾಲನ್ನು ಇದ್ದ ಹಾಗೆಯೇ ಬಿಟ್ಟ. ಬಳಪ ತೆಗೆದುಕೊಂಡು ಆ ಕಲೆಯ ಮೇಲೆ ತಂಗಿಯ ಹೆಸರು ಬರೆಯತೊಡಗಿದ. ಒರೆಸಿದ ಜಾಗ ಬಳಪವನ್ನು ಹಿಡಿಯಲಿಲ್ಲ. ಒಂದೊಂದು ಅಕ್ಷರವನ್ನೂ ಎರಡೆರಡು ಸಲ ತಿದ್ದಿದ.

ಬರೆದು ಮುಗಿಸಿ ಕಡತವನ್ನು ಗುರುವಿನ ಕಡೆಗೆ ತಿರುಗಿಸಿದ.

ಗುರು ಬಗ್ಗಿ ನೋಡಿದರು.

"ಅಕ್ಷರ ಸ್ಪಷ್ಟವಾಗಿದೆ, ಬಸಲಿಂಗ. ಆ ಹೆಸರಿನವರು ಮಾತ್ರ ಈಗ ನಿಜವಾಗಿಯೂ ಯಾರೂ ಇಲ್ಲ."