ಬೆಳೆಯುವ ಮಗಳಿಗೆ ಹೊಲಿಸಿದ ಕೌದಿ

“ಅಜ್ಜಾರ, ಮಗನಿಗೆ ಏನೇನು ಮಾಡಬೇಕೋ ಅದೆಲ್ಲಾ ಮಾಡೀನಿ. ಆದರೂ ನಾ ಮನಿಗೆ ಬಂದ್ರ ಅಂವ ಕಣಜದ ಹಿಂದ ಹೋಗಿ ಅಡಗಿಕೋತಾನ. ಯಾಕ?”

ಕೇಳಿದವನು ಅಡಿವೆಪ್ಪ. ಕಾಳಿನ ವ್ಯಾಪಾರಿ, ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಮಠದ ಅಜ್ಜ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

“ಏನೇನು ಮಾಡೀಯಪ್ಪ?” ಎಂದರು, ತಲೆ ಎತ್ತದೆ.

ಅಡಿವೆಪ್ಪ ಹೇಳತೊಡಗಿದ. ಇಪ್ಪತ್ತು ತುಂಬಿದ ಕೂಡಲೇ ಹುಡುಗ ಅಂಗಡಿಯ ಗಾದಿಯ ಮೇಲೆ ಕೂರಬೇಕು. ಅದಕ್ಕಾಗಿ ಲೆಕ್ಕ ಕಲಿಸಲು ಈಗಲೇ ಒಬ್ಬರನ್ನು ಮನೆಗೆ ಕರೆಸಿದ್ದಾನೆ. ದೊಡ್ಡವರ ನಡುವೆ ಅವನು ಮಾತು ತಪ್ಪಬಾರದು. ಅದಕ್ಕಾಗಿ ಊಟಕ್ಕೆ ಕೂತಾಗಲೂ ಅವನೊಡನೆ ವ್ಯವಹಾರದ ಮಾತನ್ನೇ ಆಡುತ್ತಾನೆ. ಮುಂದೆ ಸೊಸೆ ಬರುತ್ತಾಳೆ ಎಂದು ಮಾಳಿಗೆ ಕಟ್ಟಿಸಿದ್ದಾನೆ. ಗೋಲಿ, ಬುಗುರಿ ಮನೆಯೊಳಗೆ ಬರಬಾರದು ಎಂದು ಹೇಳಿದ್ದಾನೆ. ಇಷ್ಟು ಮಾಡುವ ತಂದೆ ಸುತ್ತಲಿನ ಊರುಗಳಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು.

ಅಜ್ಜ ಬುಟ್ಟಿಯನ್ನು ಬದಿಗಿಟ್ಟರು. “ಒಬ್ಬ ರೈತನಿದ್ದ” ಎಂದು ಶುರು ಮಾಡಿದರು.

ರೈತನಿಗೆ ಒಬ್ಬಳೇ ಮಗಳು. ಹರಕೆ ಹೊತ್ತು ಪಡೆದವಳು. ಅವಳೆಂದರೆ ಅವನಿಗೆ ಪ್ರಾಣ. ಆದರೆ ಅವನ ಪ್ರೀತಿ ಯಾವಾಗಲೂ ಅವಳಿಗಿಂತ ಹತ್ತು ವರ್ಷ ಮುಂದೆ ಹೋಗಿ ನಿಂತಿರುತ್ತಿತ್ತು. “ಬೆಳಿಯೋ ಹುಡುಗಿ” ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಲಂಗ ಹೊಲಿಸಿದರೆ ಸೊಂಟದಲ್ಲಿ ಮೂರು ಮಡಿಕೆ ಹಾಕಿ ಉಡಿಸಬೇಕು. ಚಪ್ಪಲಿ ತಂದರೆ ಮುಂದೆ ಬಟ್ಟೆ ತುರುಕಬೇಕು. ಬಳೆ ತಂದರೆ ದಾರ ಸುತ್ತಬೇಕು. ಓಣಿಯವರು, “ಲಂಗ ಬಂತು, ಹುಡುಗಿ ಹಿಂದಿಂದ ಬರ್ತಾಳ” ಎಂದು ನಗುತ್ತಿದ್ದರು. ರೈತನೂ ಅವರೊಡನೆ ನಗುತ್ತಿದ್ದ. ನಗುವಂಥದ್ದೇ ಅದು. ಲಂಗ ದೊಡ್ಡದಾದರೆ ಮಗು ಎಡವುತ್ತದೆ, ಬೀಳುತ್ತದೆ, ಎದ್ದು ಮತ್ತೆ ಓಡುತ್ತದೆ.

ಮಗಳಿಗೆ ಐದು ತುಂಬಿತು. ಹರಕೆ ತೀರಿಸಬೇಕು. ಅವರ ದೇವರು ಇದ್ದದ್ದು ಒಂದು ಗುಡ್ಡದ ತುದಿಯಲ್ಲಿ. ಅಲ್ಲಿಯ ಕಟ್ಟಳೆ ಹೀಗಿತ್ತು. ಹರಕೆಯ ಮಗು ಪುಷ್ಯ ಮಾಸದಲ್ಲಿ ತನ್ನ ಕಾಲಿನಿಂದಲೇ ಗುಡ್ಡ ಹತ್ತಬೇಕು. ತನ್ನ ಹೊದಿಕೆಯನ್ನು ತಾನೇ ಹೊರಬೇಕು. ಅಲ್ಲಿಯವರೆಗೆ ಹೆತ್ತವರ ಮಗ್ಗುಲಲ್ಲಿ ಮಲಗಿದ ಮಗು ಆ ಒಂದು ರಾತ್ರಿ ದೇವರ ಮುಂದಿನ ಬಂಡೆಯ ಮೇಲೆ ಬೇರೆ ಮಲಗಬೇಕು. ಬೆಳಿಗ್ಗೆ ಸೂರ್ಯನಿಗೆ ಕೈ ಮುಗಿದು ಕೆಳಗಿಳಿಯಬೇಕು.

ಗುಡ್ಡದ ಮೇಲೆ ಗಾಳಿ ಹೆಚ್ಚು. ಮಕ್ಕಳು ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾರೆ. ಅದಕ್ಕೆ ಆ ಕಡೆಯವರು ಕೌದಿಯನ್ನು ಮಡಚಿ, ಅಂಚು ಹೊಲಿದು, ಚೀಲದ ಹಾಗೆ ಮಾಡುತ್ತಿದ್ದರು. ಒಳಗೆ ಬೂರುಗದ ಅರಳೆ ತುಂಬುತ್ತಿದ್ದರು. ಅದು ಹಗುರ, ಬೆಚ್ಚಗೂ ಇರುತ್ತದೆ. ಮಗು ಚೀಲದೊಳಗೆ ಇಳಿದು ಮಲಗುತ್ತಿತ್ತು.

ರೈತ ಕೌದಿ ಹೊಲಿಯುವ ಹೆಂಗಸಿನ ಬಳಿ ಹೋದ. ಅವಳು ಒಂದು ಗಂಟು ಅರಳೆಯನ್ನು ಹುಡುಗಿಯ ಬೆನ್ನಿಗೆ ಕಟ್ಟಿ ಬಾವಿಯ ತನಕ ನಡೆಸಿದಳು. ಸ್ವಲ್ಪ ತೆಗೆದು ಮತ್ತೆ ನಡೆಸಿದಳು. ಹುಡುಗಿ ಬಾಗದೆ ನಡೆದಾಗ ತೆಗೆಯುವುದನ್ನು ನಿಲ್ಲಿಸಿದಳು.

“ಇಷ್ಟ ಅರಳಿ. ಇದಕ್ಕಿಂತ ಹೆಚ್ಚಿಗೆ ಹುಡುಗಿ ಹೊರಾಂಗಿಲ್ಲ. ಚೀಲ ಸಣ್ಣದಾದ್ರ ದಪ್ಪ ಆಗ್ತದ, ದೊಡ್ಡದಾದ್ರ ತೆಳ್ಳಗಾಗ್ತದ. ಹೆಂಗ ಹೊಲೀಲಿ?”

“ದೊಡ್ಡದ ಇರಲಿ. ಬೆಳಿಯೋ ಹುಡುಗಿ. ನಾಳೆ ಬಾಣಂತಿ ಆಗಿ ತವರಿಗೆ ಬಂದಾಗ ತಾಯಿ, ಕೂಸು ಇಬ್ಬರೂ ಅದರಾಗ ಮಲಗುವಂಗ ಹೊಲಿ.”

ಹೆಂಗಸು ಹುಡುಗಿಯ ಕಡೆ ನೋಡಿದಳು. ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಹೆಂಗಸಿಗೆ ನಗು ಬಂತು. ಕೌದಿ ಅವನದು, ಮಗಳು ಅವನವಳು ಎಂದುಕೊಂಡು ಹೇಳಿದ ಹಾಗೆ ಹೊಲಿದುಕೊಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ನಿನಗೆ ಗೊತ್ತು. ಇವನು ಕೂಸಿನ ತಾಯಿಗೇ ಇನ್ನೂ ಹಾಲುಹಲ್ಲು ಇರುವಾಗ ಬಾಣಂತಿಯ ಕೌದಿ ಹೊಲಿಸಿದ.

ಹುಡುಗಿ ಗುಡ್ಡ ಹತ್ತಿದಳು. ಚೀಲ ಅವಳ ಬೆನ್ನಿನ ಮೇಲೆ ದೊಡ್ಡದಾಗಿ ಕಾಣುತ್ತಿತ್ತು, ಆದರೆ ಭಾರವಿರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ, “ಇದು ನಂದು” ಎಂದು ಹೇಳುತ್ತ ನಡೆದಳು. ರೈತನಿಗೆ ಹಿಗ್ಗೋ ಹಿಗ್ಗು. ಬೆಳಕಿರುವಾಗಲೇ ತುದಿ ತಲುಪಿದರು. ತಂದ ಬುತ್ತಿ ಉಂಡರು. ಹುಡುಗಿ ಚೀಲದೊಳಗೆ ಇಳಿದಳು. ಮೊದಲು ತಲೆ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ. ರೈತ ಉಸಿರಿಗೆ ಜಾಗ ಬಿಟ್ಟು ಬಾಯಿ ಕಟ್ಟಿದ. ಕಟ್ಟಳೆಯಂತೆ ದೂರ ಹೋಗಿ ತನ್ನ ಕಂಬಳಿ ಹೊದ್ದು ಮಲಗಿದ.

ಕತ್ತಲಾಯಿತು. ಗಾಳಿ ಎದ್ದಿತು.

“ಅಪ್ಪಾ, ಇದರಾಗ ಯಾರೋ ಅದಾರ.”

“ಯಾರೂ ಇಲ್ಲವ್ವಾ, ಮಲಕೋ.”

“ಅದಾರ. ಕೆಳಗ ಮಲಗ್ಯಾರ. ಅವರ ಮೈ ತಣ್ಣಗ ಐತಿ.”

ಹೊಸ ಜಾಗ, ಮಗು ಹೆದರಿದೆ ಎಂದುಕೊಂಡ ರೈತ. ದೇವರು ಕಾಯುತ್ತಾನೆ ಎಂದು ಹೇಳಿದ. ಅವಳು ಮತ್ತೆರಡು ಸಲ ಕರೆದಳು. ಅವಳ ಹಲ್ಲು ಕಟಕಟ ಎನ್ನುವುದು ಅವನಿಗೂ ಕೇಳಿಸಿತು. ಅಷ್ಟು ಅರಳೆ ತುಂಬಿದೆ, ಇನ್ನೇನು ಕಾವು ಹಿಡಿಯುತ್ತದೆ ಎಂದು ಕಾದ. ಸ್ವಲ್ಪ ಹೊತ್ತಿಗೆ ಹಲ್ಲಿನ ಸದ್ದು ನಿಂತಿತು. ನಿದ್ದೆ ಹತ್ತಿತು ಎಂದು ಅವನೂ ಕಣ್ಣು ಮುಚ್ಚಿದ.

ಆದರೆ ಕಣ್ಣು ಹತ್ತಲಿಲ್ಲ. ಮನೆಯಲ್ಲಿ ಆ ಹುಡುಗಿ ನಿದ್ದೆಯಲ್ಲಿ ಒದೆಯುವವಳು, ಗೊಣಗುವವಳು. ಈಗ ಚೀಲ ಅಲುಗುತ್ತಿರಲಿಲ್ಲ. ಎದ್ದು ಹೋಗಿ ಕಟ್ಟು ಬಿಚ್ಚಿ ಕೈ ಹಾಕಿದ. ಹುಡುಗಿ ಹಣೆ ಮುಟ್ಟಿದರೂ ಮಿಸುಕಲಿಲ್ಲ. ಪಾದಗಳು ಹೊಳೆಯ ಕಲ್ಲಿನ ಹಾಗಿದ್ದವು. ಅಡಿವೆಪ್ಪ, ಚಳಿಯಲ್ಲಿ ನಡುಗುವ ಮಗುವಿಗೆ ಇನ್ನೂ ಹೊತ್ತಿದೆ. ನಡುಗುವುದನ್ನು ಬಿಟ್ಟ ಮಗುವಿಗೆ ಹೊತ್ತಿಲ್ಲ.

ರೈತ ಕೈಯನ್ನು ಇನ್ನೂ ಕೆಳಗೆ ಚಾಚಿದ. ಭುಜದ ತನಕ ಒಳಗೆ ಹೋಯಿತು. ಅಲ್ಲಿ ಬರೀ ಖಾಲಿ ಜಾಗ, ಬಾವಿಯ ತಳದಷ್ಟು ತಣ್ಣಗೆ. ಹುಡುಗಿ ಸುಳ್ಳು ಹೇಳಿರಲಿಲ್ಲ. ಅಲ್ಲಿ ಒಬ್ಬಳು ಮಲಗಿದ್ದಳು. ಮದುವೆಯಾದವಳು, ಬಾಣಂತಿ, ಕೂಸನ್ನು ಎತ್ತಿಕೊಂಡವಳು. ಅವಳಿಗೆಂದೇ ಅವನು ಜಾಗ ಹೊಲಿಸಿದ್ದ. ಅವಳಿನ್ನೂ ಬಂದಿಲ್ಲ. ಬಾರದವಳ ಮೈಯಲ್ಲಿ ಬಿಸಿ ಎಲ್ಲಿಂದ ಬರಬೇಕು? ಕೌದಿಯಲ್ಲಿ ಬೆಂಕಿ ಇರುವುದಿಲ್ಲ. ಒಳಗಿರುವ ಮೈ ಕೊಟ್ಟ ಬಿಸಿಯನ್ನು ಅದು ಕಾಯುತ್ತದೆ, ಅಷ್ಟೇ. ಐದು ವರ್ಷದ ಮೈ ತನ್ನಲ್ಲಿದ್ದ ಬಿಸಿಯನ್ನೆಲ್ಲ ಆ ದೊಡ್ಡವಳಿಗೆ ಕೊಟ್ಟು ಕೊಟ್ಟು ಬರಿದಾಗಿತ್ತು.

ರೈತನಿಗೆ ಕಟ್ಟಳೆ ನೆನಪಾಗಲಿಲ್ಲ. ದೇವರೂ ನೆನಪಾಗಲಿಲ್ಲ. ಅಂಗಿ ಕಿತ್ತೆಸೆದು ತಾನೇ ಚೀಲದೊಳಗೆ ನುಗ್ಗಿದ. ಮಗಳ ಪಾದಗಳನ್ನು ಹೊಟ್ಟೆಗೆ ಒತ್ತಿಕೊಂಡ. ಬೆನ್ನು ಉಜ್ಜಿದ. ಕಂಬಳಿಯನ್ನು ಮೇಲೆಳೆದುಕೊಂಡ. ಬಾಣಂತಿಗೆಂದು ಬಿಟ್ಟ ಜಾಗವೆಲ್ಲ ಅವನ ಕಾಲು, ತೊಡೆ, ಮೊಣಕಾಲುಗಳಿಂದ ತುಂಬಿಹೋಯಿತು. ಅವಳ ಹೆಸರು ಹಿಡಿದು ಕರೆದ. ಅತ್ತ. ನನ್ನ ಕೂಸೇ, ನನ್ನ ಸಣ್ಣ ಕೂಸೇ ಎಂದು ಅತ್ತ. ಅವಳನ್ನು ಸಣ್ಣ ಕೂಸು ಎಂದು ಅವನು ಕರೆದದ್ದು ಅದೇ ಮೊದಲು.

ಬಹಳ ಹೊತ್ತಿನ ಮೇಲೆ ಹುಡುಗಿ ಮತ್ತೆ ನಡುಗತೊಡಗಿದಳು. ಮಗಳು ನಡುಗುವುದನ್ನು ಕಂಡು ಯಾವ ತಂದೆಯೂ ಅಷ್ಟು ಸಂತೋಷಪಟ್ಟಿರಲಾರ. ನಡುಕ ಮೆಲ್ಲಗೆ ಇಳಿಯಿತು. ಮೈ ಬೆಚ್ಚಗಾಯಿತು. ಅವಳು ನಿದ್ದೆಯಲ್ಲಿ ಅವನ ಹೊಟ್ಟೆಗೆ ಒಮ್ಮೆ ಒದ್ದಳು. ಬೆಳಕು ಹರಿಯುವಾಗ ಎಚ್ಚರವಾಗಿ ಚೀಲದ ಒಳಗೆಲ್ಲ ನೋಡಿದಳು.

“ಅಪ್ಪಾ, ಅವರು ಹೋದ್ರೇನು?”

“ಹೋದ್ರವ್ವಾ.”

“ರೊಟ್ಟಿ ಅದಾವೇನು?”

ಪೂಜಾರಿ ಬಂದ. ತಂದೆ ಮಗಳು ಒಂದೇ ಚೀಲದಲ್ಲಿ ಇದ್ದದ್ದನ್ನು ಕಂಡು, ಹರಕೆ ಮುರಿಯಿತು, ಮುಂದಿನ ಪುಷ್ಯದಲ್ಲಿ ಮತ್ತೆ ಹತ್ತಬೇಕು ಎಂದ. ರೈತ ಆಗಲಿ ಎಂದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ಇಳಿದ.

ಅಜ್ಜ ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಅಡಿವೆಪ್ಪ ವ್ಯಾಪಾರಿ. ದುಡ್ಡು ಕೊಟ್ಟು ಹೊಲಿಸಿದ ವಸ್ತು ಹಾಳಾಗುವುದು ಅವನ ಜೀವಕ್ಕೆ ಒಗ್ಗದು.

“ಅಜ್ಜಾರ, ಆ ಹುಡುಗಿ ದೊಡ್ಡಾಕಿ ಆದ ಮ್ಯಾಲಾದರೂ ಆ ಕೌದಿ ಉಪಯೋಗಕ್ಕ ಬಂತಿಲ್ಲೋ?”

“ಬಂತು” ಎಂದರು ಅಜ್ಜ. ಆಮೇಲೆ ಅವನ ಮುಖ ನೋಡಿ ಕೇಳಿದರು: “ಅಡಿವೆಪ್ಪ, ನಿನ್ನ ಮಗನಿಗೆ ಇವತ್ತು ಎಷ್ಟು ವಯಸ್ಸು?”

ಅಡಿವೆಪ್ಪ ಬೆರಳು ಮಡಚಿ ಎಣಿಸತೊಡಗಿದ.