ಭಾರ ಇಳಿಸುವ ಪುಸ್ತಕ

“ಗುರುಗಳೇ, ಈ ಮೂರರಲ್ಲಿ ಯಾವ ಪುಸ್ತಕ ಇಟ್ಟುಕೊಳ್ಳಲಿ?” ಎಂದು ಪರಶಿವ ಕೇಳಿದ.

ಪರಶಿವನಿಗೆ ನಲವತ್ತೈದು ದಾಟಿತ್ತು. ಚಿಕ್ಕಂದಿನಲ್ಲಿ ಉಸ್ತಾದ ರುದ್ರೋಜಿಯವರ ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡು ಬೆಳೆದವನು. ಈಗ ಆ ಗರಡಿಗೆ ಬರುವವರಿಲ್ಲ. ಅವನೂ ಪೇಟೆಯ ಜಿಮ್ಮಿಗೆ ಹೋಗುತ್ತಾನೆ. ಹಬ್ಬವಿರಲಿ, ಜ್ವರವಿರಲಿ, ಒಂದು ದಿನವೂ ತಪ್ಪಿಸುವುದಿಲ್ಲ. ಆದರೂ ಎರಡು ವರ್ಷದಿಂದ ಅವನ ಬಲ ನಿಂತಲ್ಲೇ ನಿಂತಿತ್ತು. ಇಪ್ಪತ್ತೈದರಲ್ಲಿ ಎತ್ತುತ್ತಿದ್ದ ಭಾರ ಈಗ ನೆಲ ಬಿಟ್ಟು ಏಳುತ್ತಿರಲಿಲ್ಲ. ಒಳ್ಳೆಯ ಪುಸ್ತಕ ಓದಿ ಅದರಂತೆ ಮಾಡಿದರೆ ಹೋದದ್ದು ಮರಳಿ ಬಂದೀತು ಎಂದು ಅವನ ಆಸೆ. ಗೆಳೆಯರಿಂದ ಮೂರು ಪುಸ್ತಕ ತಂದಿದ್ದ. ಒಂದರಲ್ಲಿ ಹನ್ನೆರಡು ವಾರದ ಲೆಕ್ಕವಿತ್ತು. ಇನ್ನೊಂದರಲ್ಲಿ ಸ್ನಾಯುಗಳ ಚಿತ್ರವಿತ್ತು. ಮೂರನೆಯದನ್ನು ಹೆಸರಾಂತ ಜಟ್ಟಿಯೊಬ್ಬ ಬರೆದಿದ್ದ.

ಉಸ್ತಾದರು ಜಗಲಿಯ ಮೇಲೆ ಕೂತಿದ್ದರು. ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡಿ, ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕಿಟ್ಟರು.

“ನಾನು ಇನ್ನೂ ಲಂಗೋಟಿ ಕಟ್ಟಲು ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಗರಡಿಗೆ ಒಬ್ಬ ದವಸದ ವ್ಯಾಪಾರಿ ಬರುತ್ತಿದ್ದ” ಎಂದು ಶುರು ಮಾಡಿದರು.

ಆ ವ್ಯಾಪಾರಿ ಬೆಳಿಗ್ಗೆ ಮೊದಲು ಗರಡಿಗೆ ಬಂದು ಆಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಆಗ ಗರಡಿಯಲ್ಲಿ ನಾಲ್ಕು ಗುಂಡುಕಲ್ಲುಗಳಿದ್ದವು. ದೊಡ್ಡ ಕಲ್ಲನ್ನು ತೊಡೆಗೆ ತಂದು, ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವವನು ಇಡೀ ಊರಿನಲ್ಲಿ ಅವನೊಬ್ಬನೇ. ಅವನು ಕಲ್ಲಿನ ಮುಂದೆ ನಿಂತರೆ ಮಿಕ್ಕವರು ಸಾಮು ನಿಲ್ಲಿಸಿ ನೋಡುತ್ತಿದ್ದರು. ಕಲ್ಲು ಹೆಗಲು ಮುಟ್ಟಿದಾಗ ‘ಶಹಬ್ಬಾಸ್’ ಎನ್ನುತ್ತಿದ್ದರು. ಅದು ಎಲ್ಲಿ ಬಿತ್ತು, ಹೇಗೆ ಬಿತ್ತು ಎಂದು ಯಾರೂ ನೋಡುತ್ತಿರಲಿಲ್ಲ.

ಅವನಿಗೆ ಓದುವ ಹುಚ್ಚೂ ಇತ್ತು. ಪೇಟೆಯಲ್ಲಿ ಒಂದೇ ಪುಸ್ತಕದ ಅಂಗಡಿ. ಬಲ ಬೆಳೆಸುವ ಬಗ್ಗೆ ಹೊಸ ಪುಸ್ತಕ ಬಂದರೆ ಅಂಗಡಿಯವನು ತೆಗೆದಿಟ್ಟು ಹೇಳಿ ಕಳುಹಿಸುತ್ತಿದ್ದ. ವ್ಯಾಪಾರಿ ಆರಿಸುವ ಕ್ರಮ ಸುಲಭದ್ದು. ಪುಸ್ತಕವನ್ನು ನಡುವೆ ಬಿಡಿಸುವುದು, ಚಿತ್ರ ನೋಡುವುದು. ಯಾವ ಪುಸ್ತಕದ ಮನುಷ್ಯ ಎಲ್ಲರಿಗಿಂತ ದೊಡ್ಡ ಭಾರವನ್ನು ತಲೆಯ ಮೇಲೆ ಹಿಡಿದು ನಿಂತಿದ್ದಾನೋ ಆ ಪುಸ್ತಕ ಅವನ ಮನೆಗೆ ಹೋಗುತ್ತಿತ್ತು. ಹೀಗೆ ವರ್ಷಕ್ಕೊಂದರಂತೆ ಗೋಡೆಯ ಗೂಡು ತುಂಬಿತು.

ಐವತ್ತು ತುಂಬುವ ಹೊತ್ತಿಗೆ ದೊಡ್ಡ ಕಲ್ಲು ಅವನ ಎದೆಯ ತನಕ ಬಂದು ಅಲ್ಲೇ ನಿಲ್ಲತೊಡಗಿತು. ಅವನು ಇನ್ನೂ ದಪ್ಪ ಪುಸ್ತಕ ತಂದ. ಇನ್ನೂ ಬೇಗ ಎದ್ದ. ಕಲ್ಲು ಮತ್ತೆ ಹೆಗಲಿಗೆ ಹೋಯಿತು. ಆ ದಿನ ಅವನು ಮನೆಗೆ ಬಂದು ಹೆಂಡತಿಯ ಮುಂದೆ ಮಗುವಿನಂತೆ ಕುಣಿದ. ಅವಳೂ ನಕ್ಕಳು.

ಅದೇ ವರ್ಷ ಅವಳು ಹಿತ್ತಲ ಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು.

ಮೂರು ತಿಂಗಳು ಮಲಗಿದಲ್ಲೇ ಮಲಗಿದ್ದಳು. ನೆರೆಮನೆಯ ಹೆಂಗಸೊಬ್ಬಳು ಬಂದು ಮೈ ಒರೆಸಿ, ಸೀರೆ ಬದಲಿಸಿ ಹೋಗುತ್ತಿದ್ದಳು. ವೈದ್ಯರು ನೋಡಿ ಹೇಳಿದರು: “ಕಾಲು ಬರುವುದು ಕಷ್ಟ. ಆದರೆ ಹೀಗೇ ಮಲಗಿಸಿಟ್ಟರೆ ಬೆನ್ನು ಹುಣ್ಣಾಗುತ್ತದೆ. ದಿನಾ ಎರಡು ಸಲ ಎತ್ತಿಕೊಂಡು ಹೋಗಿ ಬಿಸಿಲಲ್ಲಿ ಕೂರಿಸಿ. ಮೈ ಮಾತ್ರ ಕುಲುಕಬಾರದು.”

ವ್ಯಾಪಾರಿಗೆ ಸಮಾಧಾನವಾಯಿತು. ದೇವರು ತನಗೆ ಇಷ್ಟು ಬಲ ಕೊಟ್ಟಿದ್ದು ಇದಕ್ಕೇ ಇರಬೇಕು ಎಂದುಕೊಂಡ. ಮಾರನೆಯ ಬೆಳಿಗ್ಗೆ ಅವಳ ಬೆನ್ನಿನ ಕೆಳಗೊಂದು, ಮಂಡಿಯ ಕೆಳಗೊಂದು ಕೈ ಕೊಟ್ಟು ಎತ್ತಿದ. ಅವಳು ಹೂವಿನಂತೆ ಎದ್ದು ಬಂದಳು. ನಡುಮನೆ ದಾಟಿ ಅಂಗಳಕ್ಕೆ ಬಂದ. ಅಲ್ಲಿ ಕುರ್ಚಿ ಹಾಕಿತ್ತು.

ಅವಳನ್ನು ಇಳಿಸಲು ಬಗ್ಗಿದ. ಅರ್ಧ ಬಗ್ಗುವ ತನಕ ಎಲ್ಲ ಸರಿಯಿತ್ತು. ಆಮೇಲೆ ಮಂಡಿ ನಡುಗಿತು, ಸೊಂಟ ಹಿಡಿಯಿತು. ಕುರ್ಚಿಗೆ ಇನ್ನೊಂದು ಗೇಣು ಇರುವಾಗ ಅವನ ಕೈ ತಾನಾಗಿಯೇ ಸಡಿಲಿತು. ಮೂವತ್ತು ವರ್ಷ ಆ ಕೈ ಕಲಿತದ್ದು ಅದನ್ನೇ. ಭಾರವನ್ನು ಮೇಲಕ್ಕೆ ಒಯ್ಯುವುದು, ಆಮೇಲೆ ಬಿಟ್ಟುಬಿಡುವುದು.

ಅವಳು ಚೀರಿದ್ದು ಬೀದಿಗೆ ಕೇಳಿಸಿತು.

ಎರಡನೆಯ ದಿನ ಇನ್ನೂ ಹುಷಾರಾಗಿ ಬಗ್ಗಿದ. ಆದರೂ ಹಾಗೇ ಆಯಿತು. ಮೂರನೆಯ ದಿನ ಅವನು ಹತ್ತಿರ ಬಂದಾಗ ಅವಳು ಮಂಚದ ಪಟ್ಟಿಯನ್ನು ಎರಡು ಕೈಯಿಂದಲೂ ಹಿಡಿದುಕೊಂಡಳು.

“ಬೇಡ ಬಿಡಿ. ನಾನು ಇಲ್ಲೇ ಇರ್ತೀನಿ.”

“ನನ್ನ ಬಲದ ಮೇಲೆ ನಂಬಿಕೆ ಇಲ್ವಾ?”

“ನೀವು ಎತ್ತೋವಾಗ ನಂಗೆ ಒಂಚೂರೂ ಹೆದರಿಕೆ ಇಲ್ಲ. ಇಳಿಸ್ತೀರಲ್ಲ, ಆಗ ಜೀವ ಹೋಗತ್ತೆ.”

ಅವನು ಹಿಂದೆ ಸರಿದ. ಗೂಡಿನಲ್ಲಿದ್ದ ಪುಸ್ತಕಗಳನ್ನೆಲ್ಲ ನೆಲಕ್ಕೆ ಹಾಕಿಕೊಂಡು ಕೂತ. ಹಾಳೆ ಹಾಳೆ ಮಗುಚಿದ. ಎಲ್ಲ ಪುಸ್ತಕದಲ್ಲೂ ಪಾಠ ನೆಲದಿಂದ ಶುರುವಾಗಿ ತಲೆಯ ಮೇಲೆ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಆ ಭಾರ ಏನಾಯಿತು ಎಂದು ಒಬ್ಬನೂ ಬರೆದಿರಲಿಲ್ಲ. ಇಷ್ಟು ವರ್ಷ ಓದಿಯೂ ತಾನು ಅದನ್ನು ಗಮನಿಸಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮಧ್ಯಾಹ್ನ ಪೇಟೆಗೆ ಹೋದ. ಅಂಗಡಿಯವನು ಎದ್ದು ನಿಂತು, ಹೊಸದಾಗಿ ಬಂದ ದಪ್ಪ ಪುಸ್ತಕವನ್ನು ಮುಂದಿಟ್ಟ.

“ಇದರಲ್ಲಿ ಇಳಿಸೋದು ಎಲ್ಲಿದೆ?” ಎಂದು ವ್ಯಾಪಾರಿ ಕೇಳಿದ.

ಅಂಗಡಿಯವನಿಗೆ ಅರ್ಥವಾಗಲಿಲ್ಲ. “ಇಳಿಸೋಕೆ ಪುಸ್ತಕ ಯಾಕೆ ಸ್ವಾಮಿ? ಕೈ ಬಿಟ್ರೆ ಆಯ್ತಲ್ಲ.”

ವ್ಯಾಪಾರಿ ಆ ದಿನ ಅಂಗಡಿಯ ನೆಲದ ಮೇಲೆ ಕೂತು, ಅಲ್ಲಿದ್ದ ಅಂಥ ಪುಸ್ತಕಗಳನ್ನೆಲ್ಲ ಕೊನೆಯಿಂದ ಮೊದಲಿಗೆ ನೋಡಿದ. ದೀಪ ಹಚ್ಚುವ ಹೊತ್ತಿಗೆ ಮೂಲೆಯಲ್ಲಿ ಒಂದು ತೆಳು ಪುಸ್ತಕ ಸಿಕ್ಕಿತು. ಹೊದಿಕೆ ಹರಿದಿತ್ತು. ಯಾವುದೋ ಊರಿನ ಡ್ರಿಲ್ ಮಾಸ್ತರರು ತಾವೇ ಅಚ್ಚು ಹಾಕಿಸಿದ್ದು. ಅದರಲ್ಲಿ ಜಟ್ಟಿಯ ಚಿತ್ರವಿಲ್ಲ, ದೊಡ್ಡ ಭಾರದ ಮಾತಿಲ್ಲ. ಪ್ರತಿ ಪಾಠದಲ್ಲೂ ಎತ್ತುವುದಕ್ಕೆ ಒಂದೇ ಸಾಲು, ಇಳಿಸುವುದಕ್ಕೆ ಐದಾರು ಸಾಲು. ಎಲ್ಲಿ ಉಸಿರು ಬಿಡಬೇಕು, ಮಂಡಿ ಎಷ್ಟು ಮಡಿಯಬೇಕು, ಎಷ್ಟು ಎಣಿಸುವ ತನಕ ನಡುವೆ ನಿಲ್ಲಬೇಕು ಎಂದೆಲ್ಲ ಬರೆದಿತ್ತು. ಮೊದಲ ಪುಟದಲ್ಲೇ ಒಂದು ಷರತ್ತು ಇತ್ತು. ಸದ್ದಿಲ್ಲದೆ ನೆಲಕ್ಕೆ ಇಡಲಾಗದ ಭಾರವನ್ನು ಎತ್ತಕೂಡದು.

ಆ ಷರತ್ತಿನ ಪ್ರಕಾರ ಅವನಿಗೆ ಉಳಿದದ್ದು ಗರಡಿಯ ಎಲ್ಲಕ್ಕಿಂತ ಚಿಕ್ಕ ಕಲ್ಲು.

ಮಾರನೆಯ ದಿನ ಅವನು ಆ ಚಿಕ್ಕ ಕಲ್ಲನ್ನು ಎತ್ತಿ, ಎಣಿಸುತ್ತಾ ಎಣಿಸುತ್ತಾ ಇಳಿಸಿ, ಮಣ್ಣಿನ ಮೇಲೆ ಇಟ್ಟ. ಮತ್ತೆ ಎತ್ತಿದ, ಮತ್ತೆ ಇಟ್ಟ. ಗರಡಿಯವರು ಮೊದಲು ಬೆರಗಾದರು, ಆಮೇಲೆ ನಕ್ಕರು. ಸಾಹುಕಾರರ ಕತೆ ಮುಗೀತು ಎಂದ ಒಬ್ಬ. ಮೊಟ್ಟೆ ಇಡ್ತಾ ಇದ್ದಾರೆ ಎಂದ ಇನ್ನೊಬ್ಬ.

ಉಸ್ತಾದರು ಅಲ್ಲಿ ಕತೆ ನಿಲ್ಲಿಸಿದರು. “ಆ ಮೊಟ್ಟೆಯ ಮಾತು ಆಡಿದವನು ನಾನು” ಎಂದರು. ಪರಶಿವ ತಲೆಯೆತ್ತಿ ನೋಡಿದ. ಅವರು ಅವನ ಕಡೆ ನೋಡುತ್ತಿರಲಿಲ್ಲ. ಗರಡಿಯ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ ಮತ್ತೆ ಹೇಳತೊಡಗಿದರು.

ವ್ಯಾಪಾರಿಗೆ ಆ ನಗು ನಾಟಿತು. ಮೂವತ್ತು ವರ್ಷ ಯಾರ ಸಾಮನ್ನು ನಿಂತು ನೋಡುತ್ತಿದ್ದರೋ ಅವನಿಗೇ ಈಗ ಬೆನ್ನು ತಿರುಗಿಸುತ್ತಿದ್ದರು. ಒಂದು ದಿನ ರೋಷ ಬಂದು ದೊಡ್ಡ ಕಲ್ಲಿನ ಮುಂದೆ ಹೋಗಿ ನಿಂತ. ಗರಡಿಯವರು ಸಾಮು ನಿಲ್ಲಿಸಿ ತಿರುಗಿದರು. ಕಲ್ಲಿಗೆ ಕೈ ಹಾಕಿದ. ಎತ್ತಬಲ್ಲೆ ಎಂದು ಕೈಗೆ ಗೊತ್ತಾಯಿತು. ಇಳಿಸಲಾರೆ ಎಂದೂ ಗೊತ್ತಾಯಿತು. ಕೈ ತೆಗೆದು ಮತ್ತೆ ಚಿಕ್ಕ ಕಲ್ಲಿನ ಹತ್ತಿರ ಬಂದ. ಗರಡಿಯವರು ಅವತ್ತು ನಕ್ಕಷ್ಟು ಯಾವತ್ತೂ ನಗಲಿಲ್ಲ.

ಮಳೆಗಾಲ ಹೋಯಿತು. ಚಳಿ ಬಂತು. ಅವನು ಚಿಕ್ಕ ಕಲ್ಲಿನಿಂದ ಎರಡನೆಯದಕ್ಕೆ ಬಂದಿದ್ದ. ಮನೆಯಲ್ಲಿ ಹೆಂಡತಿ ಒಳಕೋಣೆಯಲ್ಲೇ ಮಲಗಿದ್ದಳು. ಅಲ್ಲಿಗೆ ಬಿಸಿಲು ಬರುತ್ತಿರಲಿಲ್ಲ. ಬೆನ್ನಿನಲ್ಲಿ ಹುಣ್ಣು ಎದ್ದಿತ್ತು. ಎತ್ತಲೇ ಎಂದು ಅವನು ಕೇಳಲಿಲ್ಲ. ಎತ್ತಿ ಎಂದು ಅವಳೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅವನು ಗರಡಿಯಿಂದ ಬಂದು ಅವಳಿಗೆ ಗಂಜಿ ಕುಡಿಸುತ್ತಿದ್ದ. ಅವಳು ಎರಡು ಗುಟುಕು ಕುಡಿದು ಕೇಳಿದಳು:

“ಗರಡಿಗೆ ಹೋಗೋದು ಬಿಟ್ರಾ?”

“ಇಲ್ಲ. ಈಗ ಅಲ್ಲಿಂದಲೇ ಬಂದೆ.”

“ಮತ್ತೆ ಕಲ್ಲು ಬಿದ್ದ ಸದ್ದೇ ಕೇಳ್ತಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಪಕ್ಕದ ಗರಡಿಯಿಂದ ಆ ಸದ್ದು ಬಂದ್ರೆ ಒಲೆ ಹತ್ರ ಇದ್ದವಳು ಬೆಚ್ಚಿ ಬೀಳ್ತಿದ್ದೆ. ಅತ್ತೆ ನಗೋರು. ನಿನ್ನ ಗಂಡಾನೇ ಕಣೆ, ಇನ್ಯಾರೂ ಅಲ್ಲ ಅನ್ನೋರು. ಆಮೇಲಾಮೇಲೆ ಎಷ್ಟು ಸಲ ಬಿತ್ತು ಅಂತ ಎಣಿಸ್ತಿದ್ದೆ. ಹತ್ತು ಆದ್ರೆ ನೀವು ಬರೋ ಹೊತ್ತು ಅಂತ ಒಲೆ ಮೇಲೆ ರೊಟ್ಟಿ ಹಂಚು ಇಡ್ತಿದ್ದೆ. ಈಗ ಕಿವಿಗೊಟ್ಟು ಮಲಗಿದ್ರೂ ಏನೂ ಕೇಳ್ಸಲ್ಲ.”

“ಈಗ ಸದ್ದಾಗದ ಹಾಗೆ ಇಡ್ತೀನಿ” ಎಂದ ಅವನು.

ಗಂಜಿ ಆರಿಹೋಯಿತು. ಆಮೇಲೆ ಮಂಚದ ಪಟ್ಟಿಯ ಮೇಲಿದ್ದ ಕೈಯನ್ನು ತೆಗೆದು ಅವನ ಹೆಗಲ ಮೇಲೆ ಇಟ್ಟಳು.

“ಹಾಗಾದ್ರೆ ಹೊರಗೆ ಕರ್ಕೊಂಡು ಹೋಗಿ.”

ಅವನು ಎತ್ತಿದ. ಅಂಗಳಕ್ಕೆ ಬಂದು ಕುರ್ಚಿಯ ಮುಂದೆ ನಿಂತು, ಮಂಡಿ ಮಡಿಸಿ, ಮನಸ್ಸಿನಲ್ಲೇ ಎಣಿಸುತ್ತಾ ಬಗ್ಗಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಇನ್ನೂ ಯಾಕೆ ಇಳಿಸಿಲ್ಲ ಎಂದು ಕಣ್ಣು ಬಿಟ್ಟು ನೋಡಿದರೆ ಕುರ್ಚಿಯಲ್ಲಿ ಕೂತಿದ್ದಳು.

ಆಮೇಲೆ ಒಂಬತ್ತು ವರ್ಷ ಅವಳು ದಿನಕ್ಕೆ ಎರಡು ಸಲ ಬಿಸಿಲು ಕಂಡಳು. ಅವಳು ಕುರ್ಚಿಯಲ್ಲಿ, ಅವನು ಪಕ್ಕದ ಕಟ್ಟೆಯ ಮೇಲೆ. ಮದುವೆಯ ದಿನ ಊಟಕ್ಕೆ ಉಪ್ಪು ಹೆಚ್ಚಾದದ್ದು, ಮೊದಲ ಸಲ ಇಬ್ಬರೂ ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೊರಟು ದಾರಿ ತಪ್ಪಿದ್ದು, ಇಂಥದ್ದನ್ನೇ ಮತ್ತೆ ಮತ್ತೆ ಹೇಳಿಕೊಂಡು ನಗುತ್ತಿದ್ದರು. ಅವನು ದೊಡ್ಡ ಕಲ್ಲನ್ನು ಮತ್ತೆ ಮುಟ್ಟಲಿಲ್ಲ. ಬೇರೆ ಯಾರೋ ಎತ್ತಿದರು. ಅವರಿಗೂ ಶಹಬ್ಬಾಸ್ ಸಿಕ್ಕಿತು.

ಅವಳು ತೀರಿಕೊಂಡಾಗ ಅವನಿಗೆ ಅರವತ್ತು. ಅವರ ಮನೆತನದಲ್ಲಿ ಮಣ್ಣು ಮಾಡುವ ಪದ್ಧತಿ. ಗುಂಡಿಯ ಹತ್ತಿರ ಗರಡಿಯ ಹುಡುಗರು ನಾವೆಲ್ಲ ನಿಂತಿದ್ದೆವು. ವಯಸ್ಸಾಗಿದೆ, ನಾವು ಇಳಿಸುತ್ತೇವೆ ಎಂದೆವು.

“ಬೇಡಪ್ಪ. ಅವಳಿಗೆ ನನ್ನ ಕೈಯ ಅಭ್ಯಾಸ” ಎಂದ.

ತಾನೇ ಗುಂಡಿಗೆ ಇಳಿದ. ನಾವು ಮೇಲಿನಿಂದ ಕೊಟ್ಟೆವು. ಅವನು ಎರಡು ಕೈಯಲ್ಲೂ ತೆಗೆದುಕೊಂಡು, ಮಂಡಿ ಮಡಿಸಿ, ನಿಧಾನವಾಗಿ ಇಳಿಸಿದ. ಅಷ್ಟು ಜನ ಇದ್ದೆವು, ಒಂದು ಬಳೆಯ ಸದ್ದೂ ಕೇಳಿಸಲಿಲ್ಲ.

ಉಸ್ತಾದರು ಕತೆ ಮುಗಿಸಿದರು. ಪಕ್ಕಕ್ಕಿಟ್ಟಿದ್ದ ಮೂರು ಪುಸ್ತಕಗಳನ್ನು ಪರಶಿವನ ಕಡೆ ಸರಿಸಿದರು.

ಪರಶಿವ ಅವುಗಳನ್ನು ಮುಟ್ಟಲಿಲ್ಲ. ಮುಂದಕ್ಕೆ ಬಾಗಿ ಕೇಳಿದ:

“ಗುರುಗಳೇ, ಆ ತೆಳು ಪುಸ್ತಕದ ಹೆಸರೇನು?”

“ಯಾರಿಗಾಗಿ ಅವನು ಇಳಿಸಲು ಕಲಿತನೋ ಆ ಹೆಂಡತಿಯ ಹೆಸರೇನು ಅಂತ ನೀನು ಕೇಳಲಿಲ್ಲವಲ್ಲ.”